ಅರಸನಿಲ್ಲದ ಗ್ರಹಕ್ಕೆ ಒಬ್ಬ ಅಧ್ಯಕ್ಷ

ನಮ್ಮ ಕಡೆ ಇಬ್ಬರು ಸೇರಿದರೆ ಮಾತು, ಮೂವರು ಸೇರಿದರೆ ಸಂಘ, ನಾಲ್ಕನೆಯವನು ಬರುವಷ್ಟರಲ್ಲಿ ಅದಕ್ಕೊಬ್ಬ ಗೌರವಾಧ್ಯಕ್ಷ. ನಾನು ಗೇಲಿ ಮಾಡುತ್ತಿಲ್ಲ; ಗೇಲಿ ಮಾಡುವ ಯೋಗ್ಯತೆ ನನಗಿಲ್ಲ. ಕಾಪುವಿನಲ್ಲಿ ಇಷ್ಟು ವರ್ಷ ಗಣಿತ ಪಾಠ ಮಾಡಿಯೂ ನಾನು ಒಮ್ಮೆಯೂ ಯಾವುದಕ್ಕೂ ಅಧ್ಯಕ್ಷನಾಗಿರಲಿಲ್ಲ. ಮದುವೆಮನೆಗೆ ಹೋದರೆ ಎದುರು ಸಿಕ್ಕವರೆಲ್ಲ ಯಾವುದಾದರೊಂದರ ಮಾಜಿ ಅಧ್ಯಕ್ಷರು, ನಾನು ಮಾತ್ರ ಬರೀ ಮಾಸ್ಟ್ರು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಮಣಿಪಾಲದಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ನಮ್ಮ ವಿಜ್ಞಾನ ಕಾದಂಬರಿ ಓದುಗರ ಬಳಗದಲ್ಲಿ ಆರು ಜನ. ಗೌರವಾಧ್ಯಕ್ಷ, ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ ಎಂದು ಐದು ಹುದ್ದೆ ಹಂಚಿಹೋಗಿ, ಆಳಿಸಿಕೊಳ್ಳಲು ಉಳಿದ ಪ್ರಜೆ ನಾನೊಬ್ಬನೇ. ಆದರೆ ಸರದಿಯ ಪ್ರಕಾರ ಮುಂದಿನ ತಿಂಗಳಿಂದ ಅಧ್ಯಕ್ಷತೆ ನನ್ನದು. ಸುದ್ದಿ ನನ್ನ ಹೆಂಡತಿಯ ಬಾಯಿಂದ ಬಜಗೋಳಿಯಲ್ಲಿರುವ ಅವಳ ತಮ್ಮನವರೆಗೆ ಹೋಗಿ, "ಭಾವ, ಅಧ್ಯಕ್ಷರಾಗ್ತೀರಂತೆ ಅಲ್ವಾ? ಶಾಲು ಹಾಕ್ಲಿಕ್ಕೆ ನಾನೇ ಬರ್ತೇನೆ" ಎಂದು ಫೋನೂ ಬಂದಿತ್ತು.

ಅಂಥ ಹೊತ್ತಿನಲ್ಲಿ ನಾವು ಚರ್ಚೆಗೆ ಎತ್ತಿಕೊಂಡ ಕಾದಂಬರಿಯಲ್ಲೊಂದು ಗ್ರಹ. ಅಲ್ಲಿ ಅರಸನಿಲ್ಲ, ಮಂತ್ರಿಯಿಲ್ಲ, ಪೊಲೀಸರೂ ಇಲ್ಲ. ಜನ ತಮ್ಮಷ್ಟಕ್ಕೆ ಕೂಡಿ ಬಾಳುತ್ತಾರೆ. ಓದಿ ನನಗೆ ಹುಚ್ಚೇ ಹಿಡಿಯಿತು. ಚಹಾದೊಂದಿಗೆ ನಾಲ್ಕು ಗೋಳಿಬಜೆ ಒಳಗೆ ಹೋದದ್ದೇ ಎದ್ದು ನಿಂತು ಒಂದು ಗಂಟೆ ಮಾತಾಡಿದೆ. "ಅಧಿಕಾರವೇ ರೋಗ! ಕುರ್ಚಿ ಇರುವಷ್ಟು ದಿನ ಮನುಷ್ಯನಿಗೆ ಬಿಡುಗಡೆಯಿಲ್ಲ!" ಎಂದು ಮೇಜು ಗುದ್ದಿದಾಗ ಐದನೆಯ ಗೋಳಿಬಜೆ ಉರುಳಿ ಗೌರವಾಧ್ಯಕ್ಷರ ಮಡಿಲು ಸೇರಿತು. ಚಪ್ಪಾಳೆಯೋ ಚಪ್ಪಾಳೆ.

ಹಾಲಿ ಅಧ್ಯಕ್ಷರು ಕುಕ್ಕುಂದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಜಯಕರ ಶೆಟ್ರು. ಅವರು ಕಣ್ಣೊರೆಸಿಕೊಂಡು, "ಎಂತ ಮಾತು ಮಾರಾಯ್ರೆ! ನಮ್ಮಲ್ಲೂ ಹುದ್ದೆ ಬೇಡ. ಇವತ್ತೇ ಎಲ್ಲ ರದ್ದು ಮಾಡುವ!" ಎಂದರು. ಎಲ್ಲರೂ ಹೋ ಎಂದರು. ನಾನು ಮಾತ್ರ ಮೆಲ್ಲಗೆ ಕುಳಿತುಕೊಂಡೆ.

ಆಗ ಕಾರ್ಯದರ್ಶಿ ಶಶಿಕಲಾ ಮೇಡಂ, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವರು, ನಿಯಮಾವಳಿಯ ಹಾಳೆ ತೆಗೆದರು. "ಹಾಗೆಲ್ಲ ಆಗುವುದಿಲ್ಲ. ಹುದ್ದೆಯಲ್ಲಿರುವವರು ಹುದ್ದೆಯ ಬಗ್ಗೆ ಮತ ಹಾಕಬಾರದು ಅಂತ ಉಂಟು. ಸಾಮಾನ್ಯ ಸದಸ್ಯರೇ ತೀರ್ಮಾನಿಸಬೇಕು." ಐದು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ಇಡೀ ಪ್ರಜಾಸಮೂಹ ನಾನೇ. "ಹೇಳಿ ಸರ್, ಹುದ್ದೆ ಬೇಕೋ, ಬೇಡವೋ?" ಎಂದು ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಬೇಡ ಎಂದರೆ ಬಜಗೋಳಿಯ ಶಾಲು ಹೋಯಿತು; ಬೇಕು ಎಂದರೆ ಒಂದು ಗಂಟೆಯ ಭಾಷಣ ಹೋಯಿತು. ಗಂಟಲು ಸರಿಮಾಡಿಕೊಂಡೆ. "ರದ್ದಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ದೊಡ್ಡ ಬದಲಾವಣೆಯನ್ನು ಮುಂದೆ ನಿಂತು ನಡೆಸಲಿಕ್ಕೆ ಒಬ್ಬ ಬೇಕಲ್ವಾ? ಒಂದೇ ಒಂದು ವರ್ಷ ಸಾಕು..." ಶೆಟ್ರು ಬಿದ್ದು ಬಿದ್ದು ನಕ್ಕರು. ಮೇಡಂ ಮಾತ್ರ ನಗದೆ ಬರೆದುಕೊಂಡರು.

ಅಧ್ಯಕ್ಷನಾಗಿ ನಾನು ಮಾಡಿದ ಮೊದಲ ಕೆಲಸ, ಸಾಮಾನ್ಯ ಸದಸ್ಯರಾಗಿ ಉಳಿದ ಶೆಟ್ರಿಗೆ ಶಾಲು ಹೊದೆಸಿ ಪ್ರಧಾನ ಸಲಹೆಗಾರರೆಂದು ನೇಮಿಸಿದ್ದು. ಈಗ ಮೂರನೆಯ ವರ್ಷ ನಡೆಯುತ್ತಿದೆ. ಹುದ್ದೆಗಳನ್ನು ರದ್ದು ಮಾಡಲು ನನಗೇನೋ ತುಂಬ ಮನಸ್ಸಿದೆ. ಮತ ಹಾಕಲಿಕ್ಕೆ ನಮ್ಮಲ್ಲಿ ಪ್ರಜೆಯೇ ಇಲ್ಲ, ನಾನೇನು ಮಾಡಲಿ?