ಸರೋಜವ್ವನ ಇಪ್ಪತ್ತಾರು ಅನ್ನಗಳು

ಹಾನಗಲ್ಲ ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯ ಸರೋಜವ್ವ, ವಿಧವೆ, ವಯಸ್ಸು ಐವತ್ತೆಂಟು, ೧೯೮೪ರ ಜುಲೈ ಒಂದೇ ತಿಂಗಳಲ್ಲಿ ಇಪ್ಪತ್ತಾರು ಅನ್ನಗಳಿಗೆ ಜನ್ಮ ಕೊಟ್ಟಳೆಂಬುದು ದಾಖಲೆಯಲ್ಲಿದೆ. ಎಲ್ಲವೂ ಸುಖಪ್ರಸವ.

ಇದಕ್ಕೆಲ್ಲ ಕಾರಣ ಸಕ್ಕರೆ ಕಾಯಿಲೆ. ಬೇಯಿಸಿದ ಅನ್ನವನ್ನು ಒಂದು ರಾತ್ರಿ ಆರಲು ಬಿಟ್ಟರೆ ಅದರೊಳಗಿನ ಪಿಷ್ಟ ಸ್ವಲ್ಪ ಮೊಂಡು ಬೀಳುತ್ತದೆ, ಸಣ್ಣ ಕರುಳಿಗೆ ಬಗ್ಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಕ್ರಿಮಿಗಳಿಗೆ ಊಟವಾಗುತ್ತದೆ, ರಕ್ತದಲ್ಲಿ ಸಕ್ಕರೆ ದಿಢೀರನೆ ಏರುವುದಿಲ್ಲ ಎಂದು ಸರಕಾರದ ಮೇಲಿನವರು ಎಲ್ಲೋ ಓದಿದ್ದರು. ಸರೋಜವ್ವ ಏನೂ ಓದಿರಲಿಲ್ಲ. ಹದಿನಾರು ವರ್ಷದಿಂದ ಹತ್ತಿಮತ್ತೂರ ಬಸ್ಸಿಗೆ ಬರುವ ಮಂದಿಗೆ ತಂಗಳನ್ನ, ಮೊಸರು, ಉಳ್ಳಾಗಡ್ಡಿ ಕೊಡುತ್ತಿದ್ದಳು, ಉಂಡವರು ಮರುದಿನವೂ ಬರುತ್ತಿದ್ದರು. ಇಷ್ಟು ಸಲೀಸಾಗಿ ನಡೆದದ್ದನ್ನು ಹಾಗೇ ಬಿಡಲು ಬರುವುದಿಲ್ಲವಾದ್ದರಿಂದ ತಂಗಳನ್ನ ಉಸ್ತುವಾರಿ ಕಚೇರಿ ತೆರೆಯಲಾಯಿತು.

ಅದರ ಮೊದಲ ಪ್ರಕಟಣೆ: “ಎಲ್ಲ ಖಾನಾವಳಿಗಳು ದಿನವೂ ತಂಗಳನ್ನ ಬಡಿಸತಕ್ಕದ್ದು. ತಂಗಳೆಂಬುದಕ್ಕೆ ಅನ್ನ ಹುಟ್ಟಿದ ದಿನಾಂಕದ ದಾಖಲೆ ಇರತಕ್ಕದ್ದು. ತಪ್ಪಿದಲ್ಲಿ ಲೈಸನ್ಸ್ ರದ್ದು.”

ಅನ್ನದ ಫಾರಂ ಇನ್ನೂ ಅಚ್ಚಾಗಿರಲಿಲ್ಲ. ಮಕ್ಕಳ ಜನನದ ಫಾರಂ ಮಾತ್ರ ನಾಲ್ಕು ಗಂಟು ಉಳಿದಿದ್ದವು. ಕಾರಕೂನ ಗುತ್ತೆಪ್ಪ ಅವನ್ನೇ ಬಿಚ್ಚಿದ.

ಲೈಸನ್ಸ್ ಹೋದರೆ ಸರೋಜವ್ವನಿಗೆ ಬೇರೆ ಗತಿಯಿಲ್ಲ. ಬಿಸಿ ಅನ್ನದ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಕಚೇರಿಯ ಸಾಲಿನಲ್ಲಿ ನಿಂತಳು. ಗುತ್ತೆಪ್ಪ ಅನ್ನ ತೂಗಿದ, ಗಂಡೋ ಹೆಣ್ಣೋ ಎಂಬಲ್ಲಿ ಗೆರೆ ಎಳೆದ, ತಾಯಿಯ ಹೆಸರು ಬರೆದು ಪೆನ್ನು ತಡೆದ.

“ಅಪ್ಪನ ಹೆಸರು?”

“ಅನ್ನಕ್ಕ ಅಪ್ಪನ್ನ ಎಲ್ಲಿಂದ ತರ್ಲೋ ತಮ್ಮಾ? ಕುದಿಸಿದ್ದು ಸ್ಟೋವು.”

“ಖಾಲಿ ಬಿಟ್ರ ಸಾಹೇಬ್ರು ಸಹಿ ಮಾಡಂಗಿಲ್ರಿ ಅವ್ವಾರ. ಸ್ಟೋವು ಅಂತನ ಬರೀತೇನಿ.”

ಗಂಡ ತೀರಿ ಇಪ್ಪತ್ತು ವರ್ಷವಾದ ಮೇಲೆ ತನ್ನ ಹೆಸರಿನ ಪಕ್ಕ ಇನ್ನೊಂದು ಹೆಸರು ಬಿದ್ದದ್ದು ನೋಡಿ ಸರೋಜವ್ವನಿಗೆ ಏನೋ ಒಂಥರಾ ಆಯಿತು.

ಕಚೇರಿ ತೆರೆದ ದಿನವೆಲ್ಲ ಒಂದೊಂದು ಅನ್ನ ದಾಖಲಾಗಿ ಜುಲೈ ಮುಗಿಯುವಷ್ಟರಲ್ಲಿ ಇಪ್ಪತ್ತಾರಾದವು. ಮರಣದ ಫಾರಂ ಸ್ಟಾಕಿಲ್ಲದ್ದರಿಂದ ಉಂಡು ಮುಗಿದ ಅನ್ನಗಳೂ ದಾಖಲೆಯಲ್ಲಿ ಬದುಕಿಯೇ ಇದ್ದವು. ಜನನದ ಫಾರಂ ಆದ್ದರಿಂದ ಒಂದೊಂದು ಪ್ರತಿ ರೂಢಿಯಂತೆ ಕುಟುಂಬ ಯೋಜನೆಯವರಿಗೆ ಹೋಯಿತು.

ಆಗಸ್ಟ್ ಎರಡಕ್ಕೆ ಅವರ ಜೀಪು ಬಂತು. ಉಸ್ತುವಾರಿ ಇನ್ಸ್‌ಪೆಕ್ಟರ್ ಪರಮೇಶಪ್ಪನವರೂ ಅದರಿಂದಲೇ ಇಳಿದರು. ಎರಡು ಸಾಕೆಂದು ಗೋಡೆಗೋಡೆಗೆ ಬರೆಸಿದ ಮೇಲೂ ಇಪ್ಪತ್ತಾರು ಅಂದರೆ ಹೇಗೆಂದು ಜೀಪಿನವರು ನೊಂದುಕೊಂಡರು. ಸರೋಜವ್ವ ಅನ್ನದ ಬೋಗುಣಿ ತೆರೆದು ತೋರಿಸಿದಳು. ಅವರು ಬಗ್ಗಿ ನೋಡಿ, ಮಗು ಪುಷ್ಟಿಯಾಗಿದೆ ಎಂದು ಬರೆದುಕೊಂಡರು. ತಾಯಿಗೆ ವಯಸ್ಸಾಗಿದೆ, ಆಪರೇಶನ್ ತಂದೆಗೇ ಆಗಲಿ ಎಂದು ಪರಮೇಶಪ್ಪನವರು ದಾರಿ ತೋರಿಸಿದರು. ಆ ತಿಂಗಳ ಗುರಿಗೆ ಜೀಪಿನವರಿಗೂ ಒಬ್ಬ ಗಂಡಸು ಕಡಿಮೆ ಬಿದ್ದಿದ್ದ.

ಸ್ಟೋವನ್ನು ಬೆಂಚಿನ ಮೇಲೆ ಮಲಗಿಸಿ ಹತ್ತರಲ್ಲಿ ಎರಡು ಬತ್ತಿ ಕತ್ತರಿಸಿದರು. ಸೀಮೆಎಣ್ಣೆ ತುಸು ಸೋರಿತು, ಅರಳೆ ಒತ್ತಿ ಹಿಡಿದರು. ಸ್ಟೋವಿನ ಹೆಸರಿಗೆ ಒಂದು ಪ್ಲಾಸ್ಟಿಕ್ ಬಕೀಟು, ಒಂದು ಕಾರ್ಡು ಮಂಜೂರಾದವು. ಕಾರ್ಡಿನಲ್ಲಿ, “ಒಂದು ವಾರ ಭಾರ ಹೊರತಕ್ಕದ್ದಲ್ಲ” ಎಂದಿತ್ತು.

ಭಾರ ಹೊರಬಾರದವನ ಮೇಲೆ ಬೋಗುಣಿ ಇಡುವುದು ಹೇಗೆ? ಅನ್ನವಿಲ್ಲದೆ ತಂಗಳಿಲ್ಲ, ತಂಗಳಿಲ್ಲದೆ ಲೈಸನ್ಸಿಲ್ಲ. ಸರೋಜವ್ವ ಹಣೆ ಹಿಡಿದು ಕೂತಳು. ಪಕ್ಕದ ಮನೆಯ ಮರಿಯಮಬಿ ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು.

“ಅದಕ್ಯಾಕ ಇಷ್ಟು ಚಿಂತಿ, ಸರೋಜಕ್ಕಾ? ನಮ್ಮನ್ಯಾಗ ನಾ ಕುದಸ್ತೇನಿ. ನೀ ದತ್ತಕ ತಗೋ.”

ಗುತ್ತೆಪ್ಪ ನಿಯಮ ಹುಡುಕಿದ. ದತ್ತಕಕ್ಕೆ ತಾಯಿಯಷ್ಟೇ ಸಾಲದು, ತಂದೆಯ ಒಪ್ಪಿಗೆಯೂ ಬೇಕಿತ್ತು. ಸ್ಟೋವಿನ ಒಂದು ಕಾಲಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಲಾಯಿತು.

ಮೂರನೆಯ ದಿನ ಪರಮೇಶಪ್ಪನವರು ತಪಾಸಣೆಗೆ ಬಂದರು. ದತ್ತಕ ಬಂದ ತಂಗಳನ್ನವನ್ನು ಎರಡು ಸಲ ಹಾಕಿಸಿಕೊಂಡು ಪರೀಕ್ಷಿಸಿದರು. ಸ್ಟೋವಿನ ಬಕೀಟಿನ ನೀರಲ್ಲಿ ಕೈ ತೊಳೆದು ಲೈಸನ್ಸಿಗೆ ಸಹಿ ಹಾಕಿದರು. ಹೊರಡುವಾಗ ಮೂಲೆಯ ಬೆಂಚಿನ ಮೇಲಿನ ಸ್ಟೋವಿನತ್ತ ನೋಡಿ ದನಿ ತಗ್ಗಿಸಿದರು.

“ಯಜಮಾನ್ರು ಹೆಂಗದಾರ್ರಿ?”

ಸರೋಜವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಆರಾಮದಾರ್ರಿ. ಈಗಷ್ಟ ಮಲಗ್ಯಾರ, ಸಣ್ಣಗ ಮಾತಾಡ್ರಿ.”

ಊಟದ ಸಾಲಿನಲ್ಲಿ ಕೂತಿದ್ದ ಹನ್ನೊಂದು ಮಂದಿಯೂ ಆಮೇಲೆ ಸಪ್ಪಳಾಗದಂತೆ ಉಂಡರು.