ಆರದ ಅಕ್ಷರ

ಬ್ಯಾಟರಿ ಕಿತ್ತರೆ ಅಕ್ಷರವೂ ಹೋಗುತ್ತದೆ ಎಂದುಕೊಂಡದ್ದೇ ಮಫ್ಲರ್ ಮಾಡಿದ ತಪ್ಪು. ಫ್ಯಾನ್ ತಿರುಗಿದರೂ ನೆಗಡಿಯಾಗುವ ಜೀವ ಅವನದು. ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಪರೀಕ್ಷಾಲಯಕ್ಕೆ ಬರುತ್ತಿದ್ದ, ಹಾಗಾಗಿ ಆ ಹೆಸರು.

ಸೈನ್ಯಕ್ಕೆ ಆಗಿಬರುತ್ತದೋ ಇಲ್ಲವೋ ನೋಡಲೆಂದು ಇ-ಪೇಪರ್ ಪರದೆಯೊಂದು ಆ ಬೆಳಿಗ್ಗೆ ಅವನ ಮೇಜಿಗೆ ಬಂದಿತ್ತು. ಕಾಗದದ ಮೇಲಿನ ಶಾಯಿಯಂತೆ ಅಕ್ಷರ ಮೂಡುವ, ಕತ್ತಲಲ್ಲಿ ಹೊಳೆದು ಶತ್ರುವಿಗೆ ಸುಳಿವು ಕೊಡದ ಪರದೆ; ಚಳಿಗೆ ಮಾತ್ರ ತಡವರಿಸುತ್ತದಂತೆ. ಏನಾದರೂ ಬರೆದು ನೋಡಬೇಕಲ್ಲ ಎಂದು ಟೈಪ್ ಮಾಡಿದ: ‘ಇದೂ ನಮ್ಮ ಕರ್ನಲ್ ಸಾಹೇಬರ ಹಾಗೇ. ಬಲು ನಿಧಾನ, ಚಳಿ ಅಂದ್ರೆ ನಡುಕ.’

ಹೊರಗೆ ಜೀಪು ನಿಂತಿತು. ಕರ್ನಲ್! ಅವನ ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ. ಗಡಿಬಿಡಿಯಲ್ಲಿ ಬ್ಯಾಟರಿ ಎಳೆದ. ವೈರೂ ಕಿತ್ತು ಬಂತು. ಅಕ್ಷರ ಮಾತ್ರ ಕದಲಲಿಲ್ಲ.

“ಅಕ್ಕಾ, ಇದು ಆರ್ತಾನೇ ಇಲ್ಲ!”

ಉಗ್ರಾಣದ ಅಕ್ಕ ಓಡಿಬಂದು ಓದಿದಳು. “ಅಯ್ಯೋ ಮಹರಾಯಾ! ನೀರಿಗೆ ಹಾಕು ಬೇಗ.”

ಬಕೆಟ್ಟಿನಲ್ಲಿ ಅದ್ದಿದ. ಧೂಳು ಹೋಗಿ ಬರಹ ಇನ್ನೂ ನಿಚ್ಚಳವಾಯಿತು.

“ನೆಲಕ್ಕೆ ಬಡಿ ತಮ್ಮಾ!”

ಬಡಿದ. ಟೈಲ್ಸು ಒಡೆಯಿತು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಈ ಕೆಲಸ ಹೋದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಮಫ್ಲರ್ ಬಿಚ್ಚಿ ಪರದೆಗೆ ಸುತ್ತುವಷ್ಟರಲ್ಲಿ ಕರ್ನಲ್ ಎದುರಿಗೇ ನಿಂತಿದ್ದರು.

“ಇದಕ್ಯಾಕೆ ಮಫ್ಲರ್?”

“ಚಳಿ ತಡೆಯಲ್ಲ ಸಾರ್ ಅದು,” ಎಂದಳು ಅಕ್ಕ, ತನ್ನನ್ನು ಕೇಳದಿದ್ದರೂ.

ಕರ್ನಲ್ ಪರದೆ ಬಿಚ್ಚಿ ಕಿಟಕಿಯ ಬಿಸಿಲಿಗೆ ಹಿಡಿದರು. ನಿಧಾನವಾಗಿ ಓದಿದರು, ಎರಡು ಸಲ.

“ಬ್ಯಾಟರಿ ಎಲ್ಲಿ?”

“ಕಿ... ಕಿತ್ತೆ ಸಾರ್.”

“ಒದ್ದೆ ಯಾಕಾಗಿದೆ?”

“ಅದ್ದಿದೆ ಸಾರ್.”

“ಈ ಟೈಲ್ಸು?”

“ಅದೂ ನಾನೇ ಸಾರ್.”

ಇನ್ನೇನು ಗ್ರಹಚಾರ ಬಿಡಿಸುತ್ತಾರೆ ಎಂದು ಅವನು ಕಣ್ಣು ಮುಚ್ಚಿದ. ಬೆನ್ನ ಮೇಲೆ ಕೈ ಬಿತ್ತು. “ಭೇಷ್ ಕಣಯ್ಯಾ! ಕರೆಂಟ್ ಇಲ್ಲ, ನೀರಿಗೆ ಬಿದ್ದಿದೆ, ಏಟು ತಿಂದಿದೆ. ಆದ್ರೂ ಬಿಸಿಲಲ್ಲಿ ಒಂದೊಂದು ಅಕ್ಷರವೂ ಕಾಣ್ತಿದೆ. ಪಾಸ್! ನಿನ್ನ ಕೆಲಸ ಇವತ್ತೇ ಕಾಯಂ.” ಜೇಬಿನಿಂದ ಕಾಗದ ತೆಗೆದು ಅಲ್ಲೇ ಸಹಿ ಹಾಕಿದರು.

ಅವನಿಗೆ ಹೋದ ಜೀವ ಬಂದಂತಾಯಿತು.

“ಚಳಿ ಪರೀಕ್ಷೆ ಒಂದು ಬಾಕಿ,” ಕರ್ನಲ್ ಪೆನ್ನಿನ ಮುಚ್ಚಳ ಹಾಕಿದರು. “ನಾಳೆ ಹಿಮದ ಠಾಣೆಗೆ ಹೊರಡು. ಕಾಯಂ ಆಗಿದ್ದು ಅಲ್ಲಿಗೇ. ನಾನೂ ಬರ್ತೀನಿ, ನಡುಕ ಯಾರಿಗೆ ಅಂತ ನೋಡೇಬಿಡೋಣ.”

ಅವನು ಮಫ್ಲರಿಗೆ ಕೈಚಾಚಿದ.

“ಅದು ಪರದೆಗಿರಲಿ,” ಎಂದರು ಕರ್ನಲ್.