ಗೈರುಹಾಜರಿಗೆ ಕಾರಣ

ಸ್ಟೇಷನ್ ಮಾಸ್ಟರು ನಿವೃತ್ತರಾಗಿ ಮನೆಗೆ ಬಂದ ಹದಿನೇಳನೆಯ ದಿನ ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಅಡುಗೆ ಮಾಡತೊಡಗಿದರು. ತಪ್ಪು ಆಕೆಯದಲ್ಲ. ಮೂವತ್ತಾರು ವರ್ಷ ರೈಲುಗಳನ್ನು ಗದರಿಸಿಕೊಂಡಿದ್ದ ಮನುಷ್ಯ ಈಗ ಕುಕ್ಕರನ್ನು ಗದರಿಸುತ್ತಿದ್ದರು. ಮೂರನೆಯ ಸೀಟಿ ಎರಡು ನಿಮಿಷ ತಡ ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. (ಅದಕ್ಕೆ ಹೆದರಿ ಕುಕ್ಕರು ಒಂದು ದಿನವೂ ಬೇಗ ಕೂಗಲಿಲ್ಲ.)

ಹಾಗಿರುವಾಗ ಊರಿನ ನಾಲ್ಕು ಜನ ಮನೆಗೆ ಬಂದರು. ಶಾಲೆಯ ಮೈದಾನದಲ್ಲಿ ಆಟೋಟದ ಬೇಸಿಗೆ ಮೇಳ ನಡೆಸಿಕೊಂಡು ಬರುತ್ತಿದ್ದ ಹಿರಿಯರು ಈ ವರ್ಷ ಮಗಳ ಊರು ಸೇರಿಬಿಟ್ಟಿದ್ದಾರೆ, ಯಾರಾದರೂ ಹೊಣೆ ಹೊರದಿದ್ದರೆ ಅಜ್ಜಂದಿರ ಕಾಲದ ಮೇಳ ನಿಂತೇಹೋಗುತ್ತದೆ ಎಂದು ಗೋಳಾಡಿದರು. ಮಾಸ್ಟರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಡುಗೆಮನೆಯ ಚಿಲಕ ತೆಗೆದ ಸದ್ದಾಯಿತು. “ಇವರನ್ನೇ ಕರ್ಕೊಂಡು ಹೋಗಿ,” ಎಂದರು ಹೆಂಡತಿ. “ಬೆಳಿಗ್ಗೆ ಎಷ್ಟು ಬೇಗ ಬಂದು ಕರೆದ್ರೂ ನನ್ನ ಅಭ್ಯಂತರ ಇಲ್ಲ.”

ಹೀಗೆ ಮಾಸ್ಟರು ಮೇಳದ ಅಧ್ಯಕ್ಷರಾದರು. ಮೊದಲ ಸಭೆಗೆ ಇಪ್ಪತ್ತೆರಡು ಸ್ವಯಂಸೇವಕರು ಬಂದರು. ತೀರ್ಪುಗಾರರಾಗಲು ಹತ್ತೊಂಬತ್ತು ಜನ ಸಿದ್ಧರಿದ್ದರು. ಬೆಂಚು ಹೊರಲು ಯಾರೂ ಇರಲಿಲ್ಲ. ಎರಡನೆಯ ಸಭೆಗೆ ಒಂಬತ್ತು ಜನ, ಮೂರನೆಯದಕ್ಕೆ ನಾಲ್ಕು. ಆಗ ಮಾಸ್ಟರು ತಮ್ಮ ಬ್ರಹ್ಮಾಸ್ತ್ರ ತೆಗೆದರು. ಶಾಲೆಯ ಜಗಲಿಯ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು ಇಟ್ಟು, ಕೆಲಸಕ್ಕೆ ಬರಲಾಗದವರು ಅದರಲ್ಲಿ ಸ್ವಂತ ಕೈಯಿಂದ ಕಾರಣ ಬರೆದು ಸಹಿ ಹಾಕಬೇಕು ಎಂದು ಅಪ್ಪಣೆ ಮಾಡಿದರು. ಜನ ಬರೆದರು, ಪಾಪ. ಕ್ಷೌರಿಕ “ಸೊಂಟ ನೋವು” ಎಂದು ಬರೆದ. ಟೈಲರಮ್ಮ “ಶಾಲೆಯ ಯೂನಿಫಾರ್ಮು ಎಂಬತ್ತು ಜೊತೆ” ಎಂದು ಬರೆದಳು. ಬಡಗಿ ಸತ್ಯವಂತ. ಅವನು ಬರೆದದ್ದು ಒಂದೇ ಮಾತು: “ಮನಸ್ಸಿಲ್ಲ.”

ಇದೇ ದಿನಗಳಲ್ಲಿ ಮಾಸ್ಟರ ಹೆಂಡತಿಗೆ ಸ್ನಾನ ಮಾಡುವಾಗ ಎದೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಆಕೆ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಗಂಡನ ಹತ್ತಿರ ಹೋದರು. ಮಾಸ್ಟರು ಹಗ್ಗಜಗ್ಗಾಟದ ಹಗ್ಗವನ್ನು ನಡುಮನೆಯಲ್ಲಿ ಹಾಸಿ ಅಳೆಯುತ್ತಿದ್ದರು.

“ಎದೆ ಹತ್ರ ಒಂದು ಗಂಟು ಇದೆ ಅನ್ಸುತ್ತೆ ರೀ.”

“ಒಂದು ಗಂಟು ಎಲ್ಲಿ ಸಾಲುತ್ತೆ? ಮಧ್ಯಕ್ಕೊಂದು, ಆ ಕಡೆ ಈ ಕಡೆ ಒಂದೊಂದು. ಮೂರು ಬೇಕು,” ಎಂದರು ಮಾಸ್ಟರು, ಹಗ್ಗದಿಂದ ತಲೆ ಎತ್ತದೆ.

ಆಕೆ ಒಬ್ಬರೇ ಬಸ್ಸು ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋಗಿಬಂದರು. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡ ಡಾಕ್ಟರಮ್ಮ, ಶನಿವಾರ ಹನ್ನೊಂದು ಗಂಟೆಗೆ ವರದಿ ಬರುತ್ತದೆ, ಬರುವಾಗ ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ ಎಂದಿದ್ದರು. ಹಾಗೆ ಹೇಳಿದರೆ ಏನರ್ಥ ಎಂಬುದು ಆಕೆಗೆ ತಿಳಿಯದ್ದೇನಲ್ಲ. ಶನಿವಾರವೇ ಮೇಳ. ಗಂಡನ ಹತ್ತಿರ ಎರಡನೆಯ ಸಲ ಹೋಗಿ ಶನಿವಾರ ಆಸ್ಪತ್ರೆಗೆ ಹೋಗಬೇಕಲ್ಲ ಎಂದಾಗ, ಅವರು ಸೋಮವಾರ ನೋಡೋಣ ಎಂದರು. ಮೂರನೆಯ ಸಲ ಹೇಳಲು ಬಾಯಿ ತೆರೆದಾಗ, ಕೈ ಅಡ್ಡ ಹಿಡಿದರು. ಕುಡಿಯುವ ನೀರಿನ ಮೇಜು ನೋಡಿಕೊಳ್ಳುವ ಕೆಲಸ ಇನ್ನೂ ಮೂವರು ಹೆಂಗಸರ ಜೊತೆ ಆಕೆಯ ಪಾಲಿಗೂ ಬಿದ್ದಿತ್ತು. ಅದನ್ನು ತಪ್ಪಿಸಿಕೊಳ್ಳಲು ಪೀಠಿಕೆ ಹಾಕುತ್ತಿದ್ದಾಳೆ ಎಂದುಕೊಂಡರು ಅವರು.

“ಏನಿದ್ರೂ ರಿಜಿಸ್ಟರಲ್ಲಿ ಬರಿ. ಮನೆಯವರಿಗೊಂದು ನ್ಯಾಯ, ಊರವರಿಗೊಂದು ನ್ಯಾಯ ಅಂತ ಆಗಬಾರದು.”

ಆಕೆ ಹೋಗಿ ಬರೆದರು. ಬಾಯಲ್ಲಿ ಹೇಳಿದ್ದು ಕಿವಿಗೆ ಬೀಳದ ಮನುಷ್ಯ ರಿಜಿಸ್ಟರನ್ನಾದರೂ ಓದುತ್ತಾರಲ್ಲ ಎಂಬುದು ಆಕೆಯ ಲೆಕ್ಕ.

ಓದಿದರು ನಿಜ. ಆದರೆ ಗುರುವಾರ ಸಂಜೆ, ಇಡೀ ಊರನ್ನು ಜಗಲಿಗೆ ಕರೆಸಿ, ಎಲ್ಲರ ಎದುರಿಗೆ ಓದಿದರು. ಸೋಮಾರಿಗಳಿಗೆ ನಾಚಿಕೆಯಾಗಲಿ ಎಂಬುದು ಅವರ ಉದ್ದೇಶ. ಹಾಗೆಂದು ಯಾರೊಬ್ಬರ ಮಾನವೂ ಹೋಗಬಾರದೆಂದು ಹೆಸರಿನ ಸಾಲಿಗೆ ಕಾಗದದ ಪಟ್ಟಿ ಮುಚ್ಚಿ, ಕಾರಣಗಳನ್ನು ಮಾತ್ರ ಗಟ್ಟಿಯಾಗಿ ಓದುತ್ತ ಹೋದರು. ಸೊಂಟ ನೋವಿಗೆ ಜನ ನಕ್ಕರು. ಮನಸ್ಸಿಲ್ಲ ಎಂಬುದಕ್ಕೆ ಬಡಗಿಯೇ ಎಲ್ಲರಿಗಿಂತ ಜೋರಾಗಿ ನಕ್ಕ. ಮಾಸ್ಟರು ಹುರುಪುಗೊಂಡು ಕೊನೆಯದನ್ನು ಎತ್ತಿಕೊಂಡರು.

“‘ಶನಿವಾರ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ನನ್ನ ಎದೆಯ ಗಂಟಿನ ವರದಿ ಕೊಡುತ್ತಾರೆ. ಮನೆಯವರನ್ನು ಕರೆತನ್ನಿ ಎಂದಿದ್ದಾರೆ. ಅವರಿಗೆ ಹೇಳಿ ನೋಡಿದೆ, ಬಿಡುವಿಲ್ಲವಂತೆ. ಒಬ್ಬಳೇ ಹೋಗುತ್ತೇನೆ. ನೀರಿನ ಮೇಜಿಗೆ ದಯವಿಟ್ಟು ಬೇರೆಯವರನ್ನು ಹಾಕಿ.’”

ನಗುತ್ತಿದ್ದವರೆಲ್ಲ ತಲೆ ತಗ್ಗಿಸಿದರು. ಮಾಸ್ಟರೂ ನಿಜವಾಗಿ ಮರುಗಿದರು. ಅವರು ಕೆಟ್ಟವರೇನಲ್ಲ. ರಿಜಿಸ್ಟರಿನಿಂದ ತಲೆ ಎತ್ತಿ, ಧ್ವನಿ ನಡುಗಿಸಿ, ನೋಡಿ, ಇದೊಂದು ಕಾರಣ, ಈ ತಾಯಿಗೆ ರಜೆ ಕೊಡೋಣ ಎಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

“ಆದರೆ ಇಂಥ ಹೊತ್ತಲ್ಲೂ ಬಿಡುವಿಲ್ಲ ಅಂದ ಆ ಮಹಾನುಭಾವ ಗಂಡ ಯಾರು? ಈ ಸಭೆಯಲ್ಲೇ ಇದ್ದರೆ ಎದ್ದು ನಿಲ್ಲಲಿ.”

ಇಡೀ ಜಗಲಿಯಲ್ಲಿ ಎದ್ದು ನಿಂತಿದ್ದವರು ಅವರೊಬ್ಬರೇ.

ಯಾರೂ ಅಲುಗಾಡದ್ದನ್ನು ಕಂಡು ಮಾಸ್ಟರು ಕಾಗದದ ಪಟ್ಟಿಯನ್ನು ಸರಿಸಿದರು. ಸಹಿ ನೋಡಿದರು. ಇನ್ನೊಮ್ಮೆ ನೋಡಿದರು. ಟೈಲರಮ್ಮ ಎದ್ದುಬಂದು ಅವರ ಕೈಯಿಂದ ರಿಜಿಸ್ಟರನ್ನು ಮೆಲ್ಲಗೆ ಬಿಡಿಸಿಕೊಂಡು ತಾನೂ ಸಹಿ ಓದಿದಳು. ಶನಿವಾರ ನೀವು ಈ ಕಡೆ ತಲೆ ಹಾಕಬೇಡಿ, ಅಕ್ಕನ ಜೊತೆ ಹೋಗಿ ಎಂದಳು. ನಾನಿಲ್ಲದೆ ಮೇಳ ಹೇಗೆ ನಡೆಯುತ್ತೆ ಎಂದು ಮಾಸ್ಟರು ತೊದಲಿದರು.

“ನೀವಿಲ್ಲದಿದ್ರೆ ನಡೆಯುತ್ತೆ ಸ್ವಾಮಿ,” ಎಂದ ಕ್ಷೌರಿಕ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದರು. ಓದಿದಿರಾ ಎಂದು ಕೇಳಿದರು. ಮಾಸ್ಟರು ತಲೆ ಆಡಿಸಿದರು. ಒಬ್ಬರೇ ಓದಿದಿರಾ ಎಂದು ಕೇಳಿದರು. ಮಾಸ್ಟರು ಬಗ್ಗಿ ಬಾಗಿಲ ಬಳಿಯ ಚಪ್ಪಲಿಗಳನ್ನು ಸಾಲಾಗಿ ಜೋಡಿಸತೊಡಗಿದರು. ಆಕೆಗೆ ಅರ್ಥವಾಯಿತು. ಯಾವುದನ್ನು ಒಡಹುಟ್ಟಿದವರಿಗೂ ಹೇಳದೆ ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರೋ ಅದು ಈಗ ಊರ ಬಾಯಲ್ಲಿತ್ತು. ಮಡಚಿದ ಬಟ್ಟೆಯಲ್ಲಿ ಗಂಡನದ್ದನ್ನೆಲ್ಲ ಬೇರೆ ಮಾಡಿ ಅವರ ಮುಂದೆ ಇಟ್ಟು ಒಳಗೆ ಹೋದರು. ಶುಕ್ರವಾರವಿಡೀ ಮಾತಿಲ್ಲ. ಕ್ಷಮಿಸು ಎಂಬ ಮೂರಕ್ಷರ ಮಾಸ್ಟರ ಗಂಟಲಿಗೆ ಹತ್ತು ಸಲ ಬಂತು, ಹತ್ತು ಸಲವೂ ಸಿಗ್ನಲ್ ಸಿಗದ ರೈಲಿನ ಹಾಗೆ ಅಲ್ಲೇ ನಿಂತಿತು.

ಶನಿವಾರ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಹನ್ನೊಂದು ಹೊಡೆದು ನಲವತ್ತು ನಿಮಿಷವಾದರೂ ಕರೆಯಲಿಲ್ಲ. ಹಾಳು ಅಭ್ಯಾಸ, ಮಾಸ್ಟರ ಕೈ ಫೋನಿನ ಕಡೆ ಹೋಯಿತು. ಮೇಳಕ್ಕೆ ಫೋನು ಮಾಡಿ ಗೋಣಿಚೀಲದ ಓಟ ಶುರುವಾಯಿತೇ ಎಂದು ಕೇಳಿದರು. ಆಗಲೇ ಮುಗಿಯಿತಂತೆ. ಬೆಂಚು ಯಾರು ಹೊತ್ತರು ಎಂದರೆ, ಎಲ್ಲರೂ ಹೊತ್ತರಂತೆ. ಇನ್ನೊಮ್ಮೆ ಮಾಡಿದಾಗ ಬಡಗಿ ಎತ್ತಿಕೊಂಡ.

“ಅಕ್ಕನ ವಿಷಯ ಆದ್ರೆ ಹೇಳಿ. ಮೇಳದ ವಿಷಯ ಆದ್ರೆ ಫೋನ್ ಇಡಿ.”

ಮಾಸ್ಟರು ಇಟ್ಟರು. ಇಪ್ಪತ್ತೆರಡು ಜನರನ್ನು ಒಂದು ದಿನಕ್ಕೂ ಒಟ್ಟಿಗೆ ನಿಲ್ಲಿಸಲಾಗದೆ ತಾವು ಎರಡು ತಿಂಗಳು ಒದ್ದಾಡಿದ್ದೇಕೆ, ಹೆಂಡತಿ ಬರೆದ ನಾಲ್ಕು ಸಾಲಿಗೆ ಇಡೀ ಊರು ಎದ್ದು ನಿಂತದ್ದೇಕೆ ಎಂದು ಯೋಚಿಸುತ್ತಿರುವಾಗ ಒಳಗಿನಿಂದ ಕರೆ ಬಂತು.

ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. ಕ್ಯಾನ್ಸರ್. ಮಂಗಳವಾರ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಚಿಕಿತ್ಸೆ, ಮುಂದಿನದನ್ನು ಈಗಲೇ ಹೇಳಲಾಗದು. ಹೆಂಡತಿ ಮಂಗಳವಾರ ಎಷ್ಟು ಹೊತ್ತಿಗೆ ಬರಬೇಕು ಎಂದಷ್ಟೇ ಕೇಳಿದರು. ಡಾಕ್ಟರಮ್ಮ ಮಾಸ್ಟರ ಕಡೆ ತಿರುಗಿ, ಇನ್ನು ಇವರಿಗೆ ನೀವೇ ಧೈರ್ಯ ಎಂದರು. ಮಾಸ್ಟರು ಬಹಳ ಗಂಭೀರವಾಗಿ ತಲೆದೂಗಿದರು. ಹೊರಗೆ ಬಂದು, ತಪ್ಪು ದಿಕ್ಕಿನ ಬಸ್ಸು ಹತ್ತಲು ಹೋದರು. ಹೆಂಡತಿ ತೋಳು ಹಿಡಿದು ಇಳಿಸಿದರು.

ಊರಿನ ಬಸ್ಸು ಶಾಲೆಯ ಮೈದಾನದ ಮುಂದೆ ನಿಂತಾಗ, ಮನೆಗೆ ಇನ್ನೂ ಒಂದು ನಿಲ್ದಾಣವಿರುವಾಗಲೇ ಆಕೆ ಇಳಿದುಬಿಟ್ಟರು. ಟೈಲರಮ್ಮ ಓಡಿಬಂದು ಆಕೆಯ ಮುಖ ನೋಡಿದಳು. ಏನೂ ಕೇಳದೆ ಒಂದು ಲೋಟ ನೀರು ಕೊಟ್ಟಳು. ಮೈದಾನದ ಕೊನೆಯಲ್ಲಿ ಬಡಗಿ ಕೈಯಲ್ಲೇ ತಿರುಗಿಸುವ ಮರದ ತೊಟ್ಟಿಲುಚಕ್ರ ನಿಲ್ಲಿಸಿದ್ದ. ಆಕೆ ನೆಟ್ಟಗೆ ಅಲ್ಲಿಗೆ ನಡೆದು ಸಾಲಿನಲ್ಲಿ ನಿಂತರು. ಮಾಸ್ಟರಿಗೆ ಏಣಿಯ ಮೂರನೆಯ ಮೆಟ್ಟಿಲು ಹತ್ತಿದರೇ ತಲೆ ಸುತ್ತುತ್ತದೆ. ನಾನು ಕೆಳಗೇ ಇದ್ದು ಬ್ಯಾಗು ನೋಡಿಕೊಳ್ಳುತ್ತೇನೆ ಎಂದರು.

“ಡಾಕ್ಟರು ನಿಮಗೇನು ಹೇಳಿದ್ರು?” ಎಂದು ಕೇಳಿದರು ಹೆಂಡತಿ. ಎರಡು ದಿನದ ಮೇಲೆ ಗಂಡನೊಡನೆ ಆಡಿದ ಮೊದಲ ಮಾತು.

ಮಾಸ್ಟರು ಹತ್ತಿದರು. ತೊಟ್ಟಿಲು ಮೇಲೇರಿತು. ಶಾಲೆ, ಸಾಲುಮನೆಗಳು, ತಾವಿಲ್ಲದೆಯೇ ಅಚ್ಚುಕಟ್ಟಾಗಿ ನಡೆಯುತ್ತಿದ್ದ ಮೇಳ ಎಲ್ಲವೂ ಕೆಳಗೆ ಸಣ್ಣದಾದವು. ಮಾಸ್ಟರಿಗೆ ಅದ್ಯಾವುದೂ ಕಾಣಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಹೆಂಡತಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಎಲ್ಲಕ್ಕಿಂತ ಮೇಲೆ ತೊಟ್ಟಿಲು ಒಂದು ಕ್ಷಣ ನಿಂತು ಓಲಾಡಿದಾಗ, ಗಂಟಲಲ್ಲಿ ನಿಂತಿದ್ದುದೆಲ್ಲ ಒಟ್ಟಿಗೇ ಹೊರಟಿತು. ಕ್ಷಮಿಸು ಎಂದರು, ಭಯವಾಗುತ್ತಿದೆ ಎಂದರು, ಮಕ್ಕಳ ಹಾಗೆ ಅತ್ತರು. ಯಾವುದರ ಭಯ ಎಂದು ಆಕೆ ಕೇಳಲಿಲ್ಲ.

“ಸುಮ್ಮನಿರಿ. ನಾನಿದ್ದೀನಲ್ಲ,” ಎಂದು ಬೆನ್ನು ಸವರಿದರು.

ಆಮೇಲೆ ತೊಟ್ಟಿಲಿನಿಂದ ಬಗ್ಗಿ, ಕೆಳಗಿದ್ದ ಬಡಗಿಗೆ ಹೇಳಿದರು:

“ಇನ್ನೊಂದು ನಾಲ್ಕು ಸುತ್ತು ಹಾಕಪ್ಪ. ಮಂಗಳವಾರದೊಳಗೆ ಇವರಿಗೆ ಅಭ್ಯಾಸ ಆಗ್ಬೇಕು.”